ಮೈಕಿಗೆ ಮೊದಲು ಕಾಗದ: ಆಡಿಯೋ ಕಂಪನಿ ನಡೆಸುವವರಿಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಸ್ವಂತ ಆಡಿಯೋ ಕಂಪನಿ ತೆಗೆಯಲು ಈಗ ಹೆಚ್ಚು ಬಂಡವಾಳ ಬೇಕಿಲ್ಲ. ತಾಲೂಕಿಗೆ ಒಂದೆರಡು ಸ್ಟುಡಿಯೊ ಇವೆ, ಹಾಡುವವರಿಗೆ ಬರವಿಲ್ಲ, ಯೂಟ್ಯೂಬ್ ಚಾನೆಲ್‌ಗೆ ಶುಲ್ಕವಿಲ್ಲ. ತೊಂದರೆ ಶುರುವಾಗುವುದು ಹಾಡು ಓಡಿದ ಮೇಲೆ. ಹಾಡಿದವರು ‘ನನ್ನ ಹಾಡು’ ಅನ್ನುತ್ತಾರೆ, ಬರೆದವರು ‘ನನ್ನ ಪದ’ ಅನ್ನುತ್ತಾರೆ, ಸ್ಟುಡಿಯೊದವರು ‘ಟ್ರ್ಯಾಕ್ (ಹಾಡಿನ ಹಿಂದಿನ ವಾದ್ಯಸಂಗೀತ) ನಮ್ಮದು’ ಅನ್ನುತ್ತಾರೆ. ಮೂವರ ಮಾತಿನಲ್ಲೂ ಸತ್ಯವಿದೆ. ಕಂಪನಿಯವರ ಕೈಯಲ್ಲಿರುವುದು ಒಂದು ಫೋನ್‌ಪೇ ರಸೀದಿ, ನಾಲ್ಕು ವಾಟ್ಸ್ಯಾಪ್ ಸಂದೇಶ.

ಒಂದು ಹಾಡಿನೊಳಗೆ ನಾಲ್ಕು ಹಕ್ಕುಗಳಿವೆ: ಸಾಹಿತ್ಯದ್ದು, ರಾಗ ಸಂಯೋಜನೆಯದ್ದು, ಹಾಡಿದ ಮತ್ತು ನುಡಿಸಿದ ಕಲಾವಿದರದ್ದು, ಧ್ವನಿಮುದ್ರಣದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಕರ್ತೃ ಎಂದರೆ ಅದನ್ನು ಮಾಡಿಸಲು ಮುಂದಾಗಿ ಹೊಣೆ ಹೊತ್ತವರು. ಹಾಗಾಗಿ ಸ್ಟುಡಿಯೊ ಬಿಲ್ಲು ಕಂಪನಿಯ ಹೆಸರಿನಲ್ಲೇ ಇರಬೇಕು. ಗಾಯಕರ ಅಣ್ಣನ ಹೆಸರಿನಲ್ಲಿ ಬಿಲ್ಲು ಮಾಡಿಸಿ, ಆಮೇಲೆ ದುಡ್ಡು ಕೊಟ್ಟಿದ್ದು ನಾವು ಎಂದರೆ ವಾದಕ್ಕೆ ದಾರಿ ಮಾಡಿಕೊಟ್ಟಂತೆ.

ಉಳಿದ ಹಕ್ಕುಗಳನ್ನು ಬರೆಸಿಕೊಳ್ಳಬೇಕು. ಬಾಯಿಮಾತಿನ ವರ್ಗಾವಣೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ಕಾಗದದಲ್ಲಿ ಹಾಡಿನ ಹೆಸರು, ಯಾವ ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ರಾಯಲ್ಟಿ (ಹಾಡಿನ ಬಳಕೆಯಿಂದ ಬರುವ ಹಣದಲ್ಲಿ ಪಾಲು) ಎಷ್ಟು ಎಂಬುದು ಇರಬೇಕು, ಹಕ್ಕು ಕೊಡುವವರ ಸಹಿ ಇರಬೇಕು. ವರ್ಷ ಬರೆಯದೆ ಬಿಟ್ಟರೆ 5 ವರ್ಷ ಎಂದೇ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಯೂಟ್ಯೂಬ್‌ನಲ್ಲಿ ಹಾಡು ದುಬೈಯಲ್ಲೂ ಕೇಳಿಸುತ್ತದೆ, ಹಾಗಾಗಿ ‘ಇಡೀ ಜಗತ್ತು’ ಎಂದು ಬರೆಸುವುದು ಅಗತ್ಯ. ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ: ಬೇರೆ ಅವಧಿ ಬರೆದಿಲ್ಲವಾದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದಾಗ ಅದು ತಪ್ಪಿಹೋಗುತ್ತದೆ. ಇಪ್ಪತ್ತು ಪದ ಬರೆಸಿಕೊಂಡು ನಾಲ್ಕನ್ನು ಮಾತ್ರ ಬಿಡುಗಡೆ ಮಾಡುವ ರೂಢಿ ಇರುವವರು ಇದನ್ನು ನೆನಪಿಡಬೇಕು.

‘ಇಷ್ಟು ರೊಕ್ಕ ತಗೊಂಡು ಎಲ್ಲ ಹಕ್ಕು ಬಿಟ್ಟಿದ್ದೇನೆ’ ಎಂದು ಪದ ಬರೆದವರಿಂದ ಬರೆಸಿಕೊಳ್ಳುವುದು ನಮ್ಮ ಕಡೆ ಇನ್ನೂ ನಡೆದಿದೆ. 2012ರ ತಿದ್ದುಪಡಿಯ ನಂತರ ರಾಯಲ್ಟಿಯ ಮಟ್ಟಿಗೆ ಆ ಸಾಲಿಗೆ ಬೆಲೆಯಿಲ್ಲ. ಸಾಹಿತ್ಯ ಮತ್ತು ಸಂಗೀತ ಬರೆದವರು ಹಕ್ಕು ಪಡೆದವರೊಂದಿಗೆ ಸಮಪಾಲು ರಾಯಲ್ಟಿ ಪಡೆಯುವ ಹಕ್ಕನ್ನು ಕಂಪನಿಗೆ ಬಿಟ್ಟುಕೊಡಲು ಬರುವುದೇ ಇಲ್ಲ. ಅದನ್ನು ತಮ್ಮ ವಾರಸುದಾರರಿಗೆ, ಇಲ್ಲವೇ ವಸೂಲಿಗಾಗಿ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಕೊಡಬಹುದು. ಸಾಹಿತ್ಯ-ಸಂಗೀತದವರಿಗೆ 1969ರಲ್ಲಿ ಶುರುವಾದ ಐಪಿಆರ್‌ಎಸ್ ಎಂಬ ಸಂಘ ಇದೆ, ಗಾಯಕರಿಗೆ ಇಸಾಮ್ರಾ (ಮೊದಲಿನ ಹೆಸರು ಇಸ್ರಾ) ಎಂಬ ಸಂಘ ಇದೆ. ನಿಮ್ಮ ಲೇಖಕರನ್ನು ಸದಸ್ಯರಾಗಲು ಒತ್ತಾಯಿಸಿ. ಹಳ್ಳಿಯಲ್ಲಿ ಕೂತು ನೂರಾರು ಪದ ಕಟ್ಟಿದವರಿಗೆ ಈ ದಾರಿ ತೋರಿಸುವುದು ಕಂಪನಿಯ ಕೆಲಸವೇ ಸರಿ.

ಭಜನಾ ಮೇಳವಾದರೆ ಮುಖ್ಯ ಗಾಯಕರ ಸಹಿ ಸಾಲದು. ಹಾರ್ಮೋನಿಯಂ, ತಬಲಾ, ತಾಳ, ದಮ್ಮಡಿ, ಹಿಮ್ಮೇಳ ಎಂದು ಎಂಟು ಜನ ಕೂತಿದ್ದರೆ ಎಂಟೂ ಜನ ಕಲಾವಿದರೇ, ಪ್ರತಿಯೊಬ್ಬರ ಒಪ್ಪಿಗೆಯೂ ಬೇಕು. ಒಂದೇ ಹಾಳೆಯಲ್ಲಿ ಹೆಸರು, ಊರು, ವಾದ್ಯ, ಪಡೆದ ಹಣ, ಸಹಿ ಅಥವಾ ಹೆಬ್ಬೆಟ್ಟು ಎಂಬ ಅಂಕಣಗಳಿರಲಿ. ಕಾಗದ ಕನ್ನಡದಲ್ಲೇ ಇರಲಿ, ಮೇಳದ ಮುಂದೆ ಗಟ್ಟಿಯಾಗಿ ಓದಿ, ಊರಿನ ಇಬ್ಬರ ಸಾಕ್ಷಿ ಹಾಕಿಸಿ, ಒಂದು ಪ್ರತಿ ಅವರ ಮನೆಗೂ ಹೋಗಲಿ. ಇದೆಲ್ಲ ರೆಕಾರ್ಡಿಂಗ್ ದಿನ ಬೆಳಿಗ್ಗೆ, ಚಹಾ ಆದ ಮೇಲೆ, ಮೈಕ್ ಹಚ್ಚುವ ಮೊದಲೇ ಮುಗಿಯಬೇಕು. ರಾತ್ರಿ ಒಂಬತ್ತಕ್ಕೆ ಬಸ್ಸಿಗೆ ಹೊರಟವರನ್ನು ನಿಲ್ಲಿಸಿ ಹಾಕಿಸಿದ ಸಹಿಯನ್ನು ನಾಳೆ ಅವರೇ ಒಪ್ಪುವುದಿಲ್ಲ.

ಹಣದ ಲೆಕ್ಕಕ್ಕೆ ಒಂದು ಉದಾಹರಣೆ ನೋಡೋಣ. ಹಾಡು, ವಿಡಿಯೊ ಸೇರಿ ಖರ್ಚು 40,000 ರೂಪಾಯಿ, ವರ್ಷದ ಆದಾಯ 52,000 ಎಂದಿಟ್ಟುಕೊಳ್ಳಿ. ಖರ್ಚು ಕಳೆದು ಅರ್ಧ ಪಾಲು ಎಂದರೆ ಗಾಯಕರಿಗೆ 6,000. ಮೊದಲ ರೂಪಾಯಿಯಿಂದಲೇ ಕಾಲು ಪಾಲು ಎಂದರೆ 13,000. ಆದಾಯ 38,000ಕ್ಕೆ ನಿಂತರೆ ಮೊದಲ ಕರಾರಿನಲ್ಲಿ ಅವರಿಗೆ ಸೊನ್ನೆ, ಎರಡನೆಯದರಲ್ಲಿ 9,500. ‘ಅರ್ಧ ಪಾಲು’ ಕೇಳಲು ದೊಡ್ಡದು, ಆದರೆ ಖರ್ಚಿನ ಪಟ್ಟಿ ಬರೆಯುವವರು ಕಂಪನಿಯವರು. ಸಣ್ಣ ಕಂಪನಿಗೆ ಎರಡನೆಯ ಕರಾರೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಖರ್ಚಿನ ಬಗ್ಗೆ ವಾದವೇ ಹುಟ್ಟುವುದಿಲ್ಲ. ಲೆಕ್ಕದ ಚೀಟಿ ಆರು ತಿಂಗಳಿಗೊಮ್ಮೆ ತಪ್ಪದೆ ಹೋಗಲಿ, ಬಂದದ್ದು 140 ರೂಪಾಯಿ ಆದರೂ.

ಇನ್ನು ಧಾಟಿ. ಸಿನಿಮಾ ಹಾಡಿನ ಧಾಟಿಗೆ ದೇವರ ಪದ ಕಟ್ಟುವುದು ನಮ್ಮ ಭಜನಾ ಮೇಳಗಳ ಹಳೆಯ ರೂಢಿ. ಗುಡಿಯಲ್ಲಿ ಕೂತು ಹಾಡಿದಾಗ ಯಾರೂ ಕೇಳಲಿಲ್ಲ. ಧ್ವನಿಮುದ್ರಿಸಿ ಮಾರಲು ಹೊರಟರೆ ಆ ಧಾಟಿಗೆ ಒಡೆಯರಿದ್ದಾರೆ, ಯೂಟ್ಯೂಬ್‌ನ ಕಂಟೆಂಟ್ ಐಡಿ (ಒಡೆಯರು ಕೊಟ್ಟ ಧ್ವನಿ ಬೇರೆಯವರ ವಿಡಿಯೊದಲ್ಲಿದ್ದರೆ ತಾನಾಗಿ ಪತ್ತೆ ಹಚ್ಚುವ ವ್ಯವಸ್ಥೆ) ಧಾಟಿಯನ್ನೂ ಗುರುತಿಸುತ್ತದೆ. ಕಾಯ್ದೆಯಲ್ಲಿ ಕವರ್ ಹಾಡಿಗೆ, ಅಂದರೆ ಬೇರೆಯವರ ಹಾಡನ್ನೇ ಮತ್ತೆ ಹಾಡಿ ಮುದ್ರಿಸುವುದಕ್ಕೆ, ಪರವಾನಗಿ ಇದೆ ನಿಜ. ಆದರೆ ಮೂಲ ಧ್ವನಿಮುದ್ರಣವಾಗಿ 5 ವರ್ಷ ಕಳೆದಿರಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು, ಮಾತು ಬದಲಿಸಲು ಅದರಲ್ಲಿ ಅವಕಾಶವಿಲ್ಲ. ಧಾಟಿ ಪದ ಬಂದರೆ ಮೇಳದವರಿಗೆ ಹೊಸ ಧಾಟಿ ಕಟ್ಟಲು ಹದಿನೈದು ದಿನ ಕೊಡಿ.

ಹಳೆಯ ಪದಗಳಲ್ಲೂ ಎಚ್ಚರ ಬೇಕು. ಬರೆದವರ ಜೀವಿತಾವಧಿ, ಆಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ತತ್ವಪದದ ಮಾತುಗಳಿಗೆ ಯಾರ ಅಪ್ಪಣೆಯೂ ಬೇಡ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, 2041 ಮುಗಿಯುವವರೆಗೆ ವಾರಸುದಾರರ ಒಪ್ಪಿಗೆ ಬೇಕು. ಶರೀಫರ ಪದವನ್ನೇ ಇತ್ತೀಚಿನ ಸಂಗೀತಗಾರರು ಕಟ್ಟಿದ ರಾಗದಲ್ಲಿ ಹಾಡಿದರೆ ರಾಗಕ್ಕೆ ಒಡೆಯರು ಬರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಗೋಜಲು ಆಗುವುದು ಒಂದೇ ಟ್ರ್ಯಾಕಿನಿಂದ. ಕೀಬೋರ್ಡಿನವರು ಒಂದು ರಿದಮ್ ಟ್ರ್ಯಾಕ್ ಮಾಡಿಟ್ಟು, ಶೃತಿ ಬದಲಿಸಿ ನಾಲ್ಕು ಕಂಪನಿಗೆ ಕೊಡುತ್ತಾರೆ. ನೀವು ಹಾಡನ್ನು ಕಂಟೆಂಟ್ ಐಡಿಗೆ ಹಾಕಿದ ವಾರದಲ್ಲೇ ಉಳಿದ ಮೂವರ ಹಾಡುಗಳ ಮೇಲೆ ನಿಮ್ಮ ಕ್ಲೇಮ್ (‘ಇದು ನಮ್ಮದು’ ಎಂಬ ಹಕ್ಕುಸಾಧನೆ) ಬೀಳುತ್ತದೆ, ಅವರು ನಿಮ್ಮ ಮೇಲೆ ಹಾಕುತ್ತಾರೆ, ಎಲ್ಲರ ಆದಾಯವೂ ನಿಲ್ಲುತ್ತದೆ. ರಿದಮ್ ಪ್ಯಾಡಿನಲ್ಲಿ ಮೊದಲೇ ಇರುವ ಲೂಪ್ (ಸಿದ್ಧ ತಾಳದ ತುಣುಕು), ಖರೀದಿಸಿದ ಸ್ಯಾಂಪಲ್ (ಸಿದ್ಧ ಧ್ವನಿಯ ತುಣುಕು) ಬಳಸಿದರೂ ಇದೇ ಗತಿ, ಏಕೆಂದರೆ ಕಂಟೆಂಟ್ ಐಡಿಗೆ ಕೊಡುವ ಧ್ವನಿ ನಿಮ್ಮೊಬ್ಬರದೇ ಆಗಿರಬೇಕು ಎಂಬುದು ನಿಯಮ. ಟ್ರ್ಯಾಕ್ ನಿಮಗೆ ಮಾತ್ರ ಎಂದು ಬರೆಸಿಕೊಳ್ಳಿ, ವಾದ್ಯಗಳ ಬಿಡಿ ಬಿಡಿ ಫೈಲುಗಳನ್ನು ಇಸಿದುಕೊಳ್ಳಿ. ಸಂಶಯವಿದ್ದ ಹಾಡನ್ನು ಕಂಟೆಂಟ್ ಐಡಿಗೆ ಹಾಕಲೇಬೇಡಿ.

ಹೀಗಾಗಿಯೇ ನಿಜವಾದ ಹಲಗಿ, ಚೌಡಿಕೆ, ಡೊಳ್ಳು ಹಿಡಿದು ಮಾಡಿದ ಧ್ವನಿಮುದ್ರಣಕ್ಕೆ ಕಲೆಯ ದೃಷ್ಟಿಯಿಂದಷ್ಟೇ ಅಲ್ಲ, ವ್ಯವಹಾರದಲ್ಲೂ ಬೆಲೆ ಇದೆ. ಆದರೆ ಅದಕ್ಕೆ ತಯಾರಿ ಬೇಕು. ಹಲಗಿಯ ಚರ್ಮ ಬೆಂಕಿಗೆ ಕಾಯಿಸಿದಾಗ ಬಿಗಿಯಾಗುತ್ತದೆ, ಮಳೆಗಾಲದಲ್ಲಿ ಕೆಲವೇ ನಿಮಿಷಕ್ಕೆ ಸಡಿಲಾಗಿ ‘ಟಣ್’ ಎನ್ನುವುದು ‘ಡಬ್’ ಆಗುತ್ತದೆ. ಎರಡು ಹಲಗಿ ಇರಲಿ, ಒಂದು ನುಡಿಯುವಾಗ ಇನ್ನೊಂದು ಹೊರಗೆ ಕಾಯುತ್ತಿರಲಿ. ಹಳೆಯ ಹಾರ್ಮೋನಿಯಂ ‘ಬಿಳಿ ನಾಲ್ಕು’ (ನಾಲ್ಕನೆಯ ಬಿಳಿ ಮನೆಯ ಶೃತಿ) ಎಂದರೂ ಕೀಬೋರ್ಡಿನ ಸ್ವರಕ್ಕೆ ಕೂಡುವುದಿಲ್ಲ. ಹಾರ್ಮೋನಿಯಂ ಬಗ್ಗುವುದಿಲ್ಲ, ಕೀಬೋರ್ಡನ್ನೇ ಅದಕ್ಕೆ ಹೊಂದಿಸಿ. ತಾಳದವರನ್ನು ಗಾಯಕರ ಮೈಕಿನಿಂದ ಎರಡು ಮೀಟರ್ ಹಿಂದೆ ಕೂರಿಸಿ, ಇಲ್ಲದಿದ್ದರೆ ಮಿಕ್ಸಿಂಗ್‌ನಲ್ಲಿ ಧ್ವನಿ ಎತ್ತಿದಷ್ಟೂ ತಾಳವೂ ಏಳುತ್ತದೆ. ಡೊಳ್ಳಿಗೆ ಮೈಕ್ ಒಂದೂವರೆ ಮೀಟರ್ ದೂರ, ಧ್ವನಿಯ ಮಟ್ಟ ತೋರಿಸುವ ಮೀಟರಿನಲ್ಲಿ ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬೆಲ್ ದಾಟದಿರಲಿ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಇಟ್ಟರೆ ವಿಡಿಯೊಗೂ ಹೊಂದುತ್ತದೆ.

ಮಾಸ್ಟರ್ (ಬಿಡುಗಡೆಗೆ ಸಿದ್ಧವಾದ ಕೊನೆಯ ಫೈಲ್) ಒಪ್ಪುವ ಮೊದಲು ಮೊನೊದಲ್ಲಿ, ಅಂದರೆ ಎಡ-ಬಲ ಕೂಡಿಸಿ ಒಂದೇ ಧ್ವನಿಯಾಗಿ, ಕೇಳಿ, ಆಮೇಲೆ ಒಂದು ಕಬ್ಬಿನ ಟ್ರ್ಯಾಕ್ಟರಿನ ಟೇಪಿನಲ್ಲಿ ಹಚ್ಚಿ ನೋಡಿ. ಕಾರ್ಖಾನೆಗಳ ಹಂಗಾಮಿನಲ್ಲಿ ನಿಮ್ಮ ಹಾಡು ಹೆಚ್ಚು ಬಡಿಯುವುದು ಅಲ್ಲೇ. ಎಡ-ಬಲಕ್ಕೆ ಅತಿಯಾಗಿ ಹರಡಿದ ಧ್ವನಿ ಅಲ್ಲಿ ಅರ್ಧ ಕಾಣೆಯಾಗಿರುತ್ತದೆ.

ಸ್ಪಾಟಿಫೈಯಂಥ ಆಡಿಯೋ ವೇದಿಕೆಗಳಿಗೆ ಹಾಡು ವಿತರಕರ ಮೂಲಕ ಹೋಗಬೇಕು. ಜಾತ್ರೆ ಪದವಾದರೆ ಹುಣ್ಣಿಮೆ ಹಿಡಿದು ಹಿಂದಕ್ಕೆ ಎಣಿಸಿ: ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮ. ಹಾಡು ಹದಿನೈದು ದಿನ ಮೊದಲು ಜನರ ಕಿವಿಗೆ ಬೀಳಬೇಕು, ಅದಕ್ಕೂ ನಾಲ್ಕು ವಾರ ಮೊದಲು ಫೈಲ್ ವಿತರಕರ ಬಳಿ ಇರಬೇಕು. ಹಾಡಿನ ಮುಖಚಿತ್ರ 3000ಕ್ಕೆ 3000 ಪಿಕ್ಸೆಲ್. ಕಲಾವಿದರ ಹೆಸರಿನ ಇಂಗ್ಲಿಷ್ ಅಕ್ಷರ ಪ್ರತಿ ಸಲ ಒಂದೇ ಇರಲಿ. ‘ಬಸವರಾಜ’ ಬರೆಯುವಾಗ ನಡುವಿನ ಒಂದು ‘ಎ’ ಬಿಟ್ಟುಹೋದರೂ ಸಾಕು, ಒಬ್ಬರೇ ಗಾಯಕರಿಗೆ ಎರಡು ಪುಟ ಹುಟ್ಟಿ ಕೇಳುಗರು ಹಂಚಿಹೋಗುತ್ತಾರೆ. ಸ್ಪಾಟಿಫೈಯಲ್ಲಿ 12 ತಿಂಗಳಲ್ಲಿ 1,000 ಸಲ ಕೇಳಿಸದ ಹಾಡಿಗೆ ಹಣವೇ ಇಲ್ಲ, ಹಾಗಾಗಿ ಈ ಹಂಚಿಕೆ ನೇರ ನಷ್ಟ. ಅಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಎಣಿಕೆ. ಎರಡು ಮೇಳ ಎದುರುಬದುರು ಕೂತು ಹಾಡುವ 25 ನಿಮಿಷದ ಹರದೇಶಿ-ನಾಗೇಶಿ ಪದಕ್ಕೂ ಒಂದೇ ಎಣಿಕೆ, ಆದ್ದರಿಂದ ಚಾಲ್ (ಧಾಟಿ) ಬದಲಾಗುವ ಕಡೆ ಕತ್ತರಿಸಿ ನಾಲ್ಕೈದು ಹಾಡಾಗಿ ಕೊಡಿ. ಇಡೀ ಸವಾಲ್-ಜವಾಬ್ ಯೂಟ್ಯೂಬ್‌ನಲ್ಲಿರಲಿ.

ಪ್ರತಿ ಧ್ವನಿಮುದ್ರಣಕ್ಕೂ ಅದನ್ನು ಗುರುತಿಸುವ, ಅಕ್ಷರ-ಅಂಕಿ ಸೇರಿ 12 ಇರುವ ಐಎಸ್‌ಆರ್‌ಸಿ ಸಂಖ್ಯೆ ಇರುತ್ತದೆ. ಡಿಜೆ ಆವೃತ್ತಿ ಮಾಡಿದರೆ ಅದಕ್ಕೆ ಹೊಸ ಸಂಖ್ಯೆ, ವಿತರಕರನ್ನು ಬದಲಿಸಿದರೆ ಹಳೆಯದೇ ಸಂಖ್ಯೆ. ಇದನ್ನು ವಿತರಕರ ಜಾಲತಾಣದಲ್ಲಷ್ಟೇ ಬಿಡದೆ ನಿಮ್ಮ ವಹಿಯಲ್ಲೂ ಬರೆದುಕೊಳ್ಳಿ: ಹಾಡು, ಸಂಖ್ಯೆ, ದಿನಾಂಕ, ಪಾಲುದಾರರು, ಅವರ ವಾರಸುದಾರರ ಹೆಸರು. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಬಿಡಿ ಫೈಲುಗಳು, ಮಾಸ್ಟರ್, ಸಹಿಯ ಕಾಗದದ ಸ್ಕ್ಯಾನ್ ಒಂದೇ ಫೋಲ್ಡರಿನಲ್ಲಿ ಹಾಕಿ ಎರಡು ಹಾರ್ಡ್ ಡಿಸ್ಕಿಗೆ ಇಳಿಸಿ. ಒಂದು ಸ್ಟುಡಿಯೊದಲ್ಲಿ, ಇನ್ನೊಂದು ಬೇರೆ ಊರಿನ ಮನೆಯಲ್ಲಿ.