ಬೆಂಗಳೂರು ಬಳಸಿ ಬಿಟ್ಟ ನೀರು, ಕೋಲಾರದ ಕೆರೆ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಕಾವೇರಿ ಕೋಲಾರಕ್ಕೆ ಮೊದಲು ಬಂದದ್ದು ಹಾಗೆ, ಗಣಿಯ ಯಂತ್ರ ತಿರುಗಿಸುವ ಶಕ್ತಿಯಾಗಿ. 2018ರ ಜೂನ್‌ನಲ್ಲಿ ಅದೇ ಕಾವೇರಿ ಮತ್ತೆ ಬಂತು. ಈ ಸಲ ನೀರಾಗಿಯೇ ಬಂದರೂ, ಬೆಂಗಳೂರಿನ ಅಡುಗೆಮನೆ, ಬಚ್ಚಲು, ಕಕ್ಕಸುಗಳನ್ನು ಹಾದು ಬಂತು.

ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು ಇದು. ಮೊದಲ ಹಂತದ ಕಾವೇರಿ ನೀರು ಇಲ್ಲಿಗೆ ಬಂದದ್ದು 1974ರಲ್ಲಿ. ಶಿವನಸಮುದ್ರದ ಬಳಿ ಎತ್ತಿದ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪಿನಿಂದ ಪಂಪಿಗೆ ಏರುತ್ತ ಸುಮಾರು 100 ಕಿ.ಮೀ. ದೂರ, 500 ಮೀಟರ್ ಎತ್ತರ ಕ್ರಮಿಸುತ್ತದೆ. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಎತ್ತಲು ಲೆಕ್ಕದ ಪ್ರಕಾರವೇ 1.36 ಯೂನಿಟ್ ವಿದ್ಯುತ್ ಬೇಕು. ಪಂಪು, ಕೊಳವೆಗಳಲ್ಲಿ ಆಗುವ ನಷ್ಟ ಸೇರಿಸಿದರೆ ಎರಡು ಯೂನಿಟ್ಟಿನ ಹತ್ತಿರ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಸೇರಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಹೆಚ್ಚಾಯಿತು. ಕಾರ್ಖಾನೆಗಳು, ಆಮೇಲೆ ಸಾಫ್ಟ್‌ವೇರ್ ಕಚೇರಿಗಳು ಜನರನ್ನು ಕರೆತಂದ ವೇಗಕ್ಕೆ ಒಂದೊಂದು ಹಂತವೂ ತಡವಾಗಿಯೇ ಬಂದಿದೆ.

ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಅದು ಬಂದ ದಾರಿಯಲ್ಲೇ ಹಿಂದಿರುಗುವುದಿಲ್ಲ. ಊರು ದಿಣ್ಣೆಯ ಮೇಲಿರುವುದರಿಂದ ಪಶ್ಚಿಮದ ವೃಷಭಾವತಿ ಕಣಿವೆಯದ್ದು ಅರ್ಕಾವತಿಯ ಮೂಲಕ ಕಾವೇರಿಗೇ ಮರಳುತ್ತದೆ. ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳದ್ದು ಪೂರ್ವಕ್ಕೆ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ನಗರ ಬೆಳೆದಂತೆಲ್ಲ ಒಂದು ನದಿಯ ನೀರು ಸದ್ದಿಲ್ಲದೆ ಇನ್ನೊಂದು ನದಿಯ ಪಾಲಾಗುತ್ತಿದೆ.

ಆ ಪೂರ್ವದ ಇಳಿಜಾರಿನಲ್ಲಿರುವುದೇ ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ, ಅದರ ಕೆಳಗೆ ವರ್ತೂರು ಕೆರೆ. ಒಂದು ಕಾಲಕ್ಕೆ ಇವುಗಳ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಿತ್ತು, ಮೀನುಗಾರಿಕೆಯೂ ಇತ್ತು. ಈಗ ಈ ಕೆರೆಗಳ ಹೆಸರು ಕೇಳಿದರೆ ನೊರೆ ಕಣ್ಣಮುಂದೆ ಬರುತ್ತದೆ. ಸೋಪಿನ ಪುಡಿಯಲ್ಲಿರುವ ಮಾರ್ಜಕದ ಅಣುವಿಗೆ ಒಂದು ತುದಿ ನೀರಿಗೆ, ಇನ್ನೊಂದು ತುದಿ ಜಿಡ್ಡಿಗೆ ಅಂಟುವ ಗುಣವಿದೆ. ಗಾಳಿಯಾಡುವ ನೀರಿನಲ್ಲಾದರೆ ಬ್ಯಾಕ್ಟೀರಿಯಾಗಳು ಅದನ್ನು ಕೆಲವೇ ದಿನಗಳಲ್ಲಿ ತಿಂದು ಮುಗಿಸುತ್ತವೆ. ಆಮ್ಲಜನಕವೇ ಇಲ್ಲದ ಕೊಳಚೆ ಕೆರೆಯಲ್ಲಿ ಅದು ಒಡೆಯದೆ ತಳದ ಹೂಳಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಕೂರುತ್ತದೆ. ಜೋರು ಮಳೆ ಬಂದಾಗ ಹೂಳು ಕದಡುತ್ತದೆ, ಕೋಡಿಯಲ್ಲಿ ಧುಮುಕುವ ನೀರಿಗೆ ಗಾಳಿ ಬೆರೆಯುತ್ತದೆ, ನೊರೆ ಏಳುತ್ತದೆ. ಮಳೆಗಾಲದಲ್ಲೇ ನೊರೆ ಹೆಚ್ಚಲು ಕಾರಣ ಇದು. 2018ರ ಜನವರಿಯಲ್ಲಿ ಬೆಳ್ಳಂದೂರಿಗೆ ಹೊತ್ತಿದ ಬೆಂಕಿ ಆರಿಸಲು ಸೈನಿಕರೂ ಬರಬೇಕಾಯಿತು.

ಇದೇ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರದ ನೂರಿಪ್ಪತ್ತಕ್ಕೂ ಹೆಚ್ಚು ಕೆರೆಗಳಿಗೆ ತುಂಬುವುದೇ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆ. ಪೂರ್ತಿ ಹರಿದರೆ ವರ್ಷಕ್ಕೆ ಸುಮಾರು 5.7 ಟಿಎಂಸಿ. ವರ್ಷಪೂರ್ತಿ ಹರಿಯುವ ಒಂದೂ ನದಿಯಿಲ್ಲದ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಇಲ್ಲಿನ ಹಿರಿಯರು ಬದುಕಿದ್ದು ಸರಪಳಿ ಕೆರೆಗಳನ್ನು ನಂಬಿ: ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬಬೇಕು, ತೂಬು ಎತ್ತಿ ನೀರು ಹಂಚುವ ಕೆಲಸ ನೀರುಗಂಟಿಯದು. ಕೊಳವೆಬಾವಿ ಬಂದ ಮೇಲೆ ಪ್ರತಿಯೊಬ್ಬ ರೈತನ ನೀರೂ ಅವನವನ ಹೊಲದಲ್ಲೇ ಸಿಕ್ಕಿತು. ಕೆರೆ ಯಾರಿಗೂ ಬೇಡವಾಯಿತು, ರಾಜಕಾಲುವೆ ಮುಚ್ಚಿತು. ಟೊಮೆಟೊ, ಹಿಪ್ಪುನೇರಳೆ ಬೆಳೆಯಲು ಸಾವಿರ ಅಡಿಗೂ ಕೆಳಗೆ ಕೊರೆಯುವ ಕಾಲ ಬಂತು. ಅಷ್ಟು ಆಳದಲ್ಲಿ ಗ್ರಾನೈಟ್ ಜಾತಿಯ ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರಿಗೆ ಬಂಡೆಯ ಫ್ಲೋರೈಡ್, ಹೆಚ್ಚಾದರೆ ಹಲ್ಲು-ಮೂಳೆ ಕೆಡಿಸುವ ಅಂಶ, ಬೆರೆತಿರುತ್ತದೆ.

ಕೆರೆ ತುಂಬಿದ ಮೇಲೆ ಸುತ್ತಲಿನ ಕೊಳವೆಬಾವಿಗಳಲ್ಲಿ ನೀರಿನ ಮಟ್ಟ ಏರಿದೆ. ಈ ಲಾಭವನ್ನು ಅಲ್ಲಗಳೆಯುವುದು ಕೋಲಾರದ ರೈತರಿಗೆ ಮಾಡುವ ಅನ್ಯಾಯ. ಆದರೆ ನೀರಿನ ಪ್ರಮಾಣಕ್ಕೆ ಕೊಟ್ಟಷ್ಟು ಗಮನ ಗುಣಕ್ಕೆ ಸಿಕ್ಕಿಲ್ಲ. ನೀರು ಹರಿದ ಮರು ತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಿತು, ವಿವಾದ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋಯಿತು.

ಕೋಲಾರಕ್ಕೆ ಬರುವುದು ಎರಡು ಹಂತ ಶುದ್ಧವಾದ ನೀರು. ಮೊದಲ ಹಂತದಲ್ಲಿ ಜಾಲರಿ ಕಸ ತಡೆಯುತ್ತದೆ, ಮರಳು ತಳಕ್ಕೆ ಕೂರುತ್ತದೆ. ಎರಡನೆಯದರಲ್ಲಿ ದೊಡ್ಡ ತೊಟ್ಟಿಗೆ ಗಾಳಿ ಊದಿ, ಲೀಟರಿಗೆ ಸುಮಾರು 2 ಮಿ.ಗ್ರಾಂ ಆಮ್ಲಜನಕ ಉಳಿಸಿ, ಬ್ಯಾಕ್ಟೀರಿಯಾಗಳಿಗೆ ಕೊಳಚೆ ಉಣಿಸುತ್ತಾರೆ. ಆಮೇಲೆ ಅವುಗಳನ್ನು ಕೆಸರಾಗಿ ಇಳಿಸಿ ತಿಳಿನೀರು ತೆಗೆಯುತ್ತಾರೆ. ಕೆಡುವುದೂ ಇಲ್ಲೇ. ಕರೆಂಟು ಹೋಗಿ ಗಾಳಿ ನಿಂತರೆ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಸೊರಗುತ್ತವೆ. ಮಳೆನೀರು ಒಳಚರಂಡಿಗೆ ನುಗ್ಗಿದರೆ ಕೆಸರೇ ಕೊಚ್ಚಿಕೊಂಡು ಹೊರಬರುತ್ತದೆ. ಯಾರೋ ಕಾರ್ಖಾನೆಯ ವಿಷ ಸುರಿದರೆ ಇಡೀ ಬಳಗ ಸತ್ತು ಹೊಸದು ಬೆಳೆಯಲು ವಾರಗಳೇ ಬೇಕು.

ಎಲ್ಲ ಸರಿಯಾಗಿ ನಡೆದರೂ ಸಾರಜನಕ, ರಂಜಕ, ಲವಣಗಳಲ್ಲಿ ಬಹುಪಾಲು ನೀರಿನಲ್ಲೇ ಉಳಿಯುತ್ತವೆ. ಲೀಟರಿಗೆ 3 ಮಿ.ಗ್ರಾಂ ರಂಜಕ ಉಳಿದಿದೆ ಎಂದಿಟ್ಟುಕೊಂಡರೂ 44 ಕೋಟಿ ಲೀಟರಿನಲ್ಲಿ ದಿನಕ್ಕೆ 1,320 ಕೆ.ಜಿ. ಆಯಿತು. ಒಂದು ಕೆ.ಜಿ. ರಂಜಕ ಸುಮಾರು ನೂರು ಕೆ.ಜಿ. ಒಣತೂಕದ ಪಾಚಿಯನ್ನು ಬೆಳೆಸಬಲ್ಲದು. ಕೆರೆ ಹಸಿರುಗಟ್ಟುವುದು, ಬೆಳಗಿನ ಜಾವ ಆಮ್ಲಜನಕ ಕುಸಿದು ಮೀನು ತೇಲುವುದು ಇದರಿಂದಲೇ. ಸಾರಜನಕದ ದಾರಿ ಬೇರೆ. ಕೆರೆಯಂಗಳದ ಮಣ್ಣು ರೋಗಾಣುಗಳನ್ನು ಬಹುಮಟ್ಟಿಗೆ ಸೋಸುತ್ತದೆ, ಆದರೆ ನೈಟ್ರೇಟ್ ಸಲೀಸಾಗಿ ಕೆಳಗಿಳಿಯುತ್ತದೆ. ಲೀಟರಿಗೆ 10 ಮಿ.ಗ್ರಾಂ ಸಾರಜನಕ ಪೂರ್ತಿ ನೈಟ್ರೇಟ್ ಆದರೆ 44 ಮಿ.ಗ್ರಾಂ ಆಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 45. ಅಂದರೆ ಹೊಸ ನೀರು ಹಳೆಯ ಫ್ಲೋರೈಡನ್ನು ತೆಳುಮಾಡಬಹುದು, ಅದೇ ಹೊತ್ತಿಗೆ ನೈಟ್ರೇಟನ್ನೂ ತರಬಹುದು. ಎರಡನ್ನೂ ಒಟ್ಟಿಗೆ ಅಳೆಯದೆ ಬಾವಿ ಸುಧಾರಿಸಿತೆಂದು ಹೇಳುವಂತಿಲ್ಲ.

ಹಾಗಾಗಿ ಈ ಕೆರೆಗಳ ಹತ್ತಿರದ ಕುಡಿಯುವ ನೀರಿನ ಬಾವಿಗಳನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಪರೀಕ್ಷಿಸಲೇಬೇಕು: ನೈಟ್ರೇಟ್, ಫ್ಲೋರೈಡ್, ಒಟ್ಟು ಕರಗಿದ ಲವಣ, ಕೋಲಿಫಾರ್ಮ್ (ಕೊಳಚೆ ಬೆರೆತದ್ದನ್ನು ತೋರಿಸುವ ಬ್ಯಾಕ್ಟೀರಿಯಾ). ಮಾದರಿ ಹಿಡಿಯುವ ಮುನ್ನ ಹತ್ತು ನಿಮಿಷ ಪಂಪು ಓಡಿಸಬೇಕು, ಇಲ್ಲದಿದ್ದರೆ ಪೈಪಿನಲ್ಲಿ ನಿಂತ ನೀರೇ ಬಾಟಲಿಗೆ ಬೀಳುತ್ತದೆ. ಕೋಲಿಫಾರ್ಮ್ ಪರೀಕ್ಷೆಗೆ ಸೋಂಕುರಹಿತ ಬಾಟಲಿ ಬೇಕು, ಮಂಜುಗಡ್ಡೆಯಲ್ಲಿಟ್ಟು 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಯೋಜನೆ ಇರುವುದು ಅಂತರ್ಜಲ ತುಂಬಲು. ಕೆರೆಗೇ ಮೋಟಾರು ಇಳಿಸಿ ಬೆಳೆಗೆ ಹಾಯಿಸಿದರೆ ಮಣ್ಣಿನ ಸೋಸುವಿಕೆ ತಪ್ಪುತ್ತದೆ. ಸೊಪ್ಪು, ಟೊಮೆಟೊಗಳಂಥ ಹಸಿಯಾಗಿ ತಿನ್ನುವ ಬೆಳೆಗೆ ಅದು ಅಪಾಯ.

ಮೂರನೇ ಹಂತದ ಶುದ್ಧೀಕರಣ ಏನೂ ಗುಟ್ಟಿನ ವಿದ್ಯೆಯಲ್ಲ. ಪಟಿಕ ಅಥವಾ ಫೆರಿಕ್ ಕ್ಲೋರೈಡ್ ಹಾಕಿದರೆ ರಂಜಕ ಗರಣೆಗಟ್ಟಿ ಕೆಳಗಿಳಿಯುತ್ತದೆ. ಗಾಳಿಯಿಲ್ಲದ ತೊಟ್ಟಿಯೊಂದನ್ನು ಸೇರಿಸಿದರೆ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕದ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಜೊಂಡಿಗೆ ಆ ಪೋಷಕಾಂಶಗಳೇ ಆಹಾರ. ಆಗಾಗ ಅದನ್ನು ಕತ್ತರಿಸಿ ಹೊರಹಾಕಬೇಕು, ಅಲ್ಲೇ ಕೊಳೆತರೆ ಹೀರಿದ್ದೆಲ್ಲ ಮತ್ತೆ ನೀರಿಗೇ ಇಳಿಯುತ್ತದೆ. ಈ ಮೂರನೇ ಹಂತದ ಖರ್ಚು ಬೆಂಗಳೂರಿನ ನೀರಿನ ಬಿಲ್ಲಿನಲ್ಲಿ ಇರಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ನೀರನ್ನು 500 ಮೀಟರ್ ಏರಿಸಲು ದುಡ್ಡು ಕೊಡುವ ನಗರ, ಅದನ್ನು ಪೂರ್ತಿ ತೊಳೆದು ಇಳಿಸುವುದಕ್ಕೂ ಕೊಡಬೇಕು. ಕೋಲಾರದ ಪಂಚಾಯಿತಿಗಳ ಪಾಲಿಗೆ ಹೂಳು, ರಾಜಕಾಲುವೆ, ತೂಬುಗಳ ಕೆಲಸವೇ ಸಾಕಷ್ಟಿದೆ. ನೀರುಗಂಟಿಗೆ ಮತ್ತೆ ಸಂಬಳ ಕೊಟ್ಟು, ಕೈಗೊಂದು ಪರೀಕ್ಷಾ ಕಿಟ್ ಕೊಟ್ಟರೆ ಪ್ರತಿ ಕೆರೆಯ ನೈಟ್ರೇಟ್ ಅಳತೆ ತಿಂಗಳಿಗೊಮ್ಮೆ ಊರಿನ ಹಲಗೆಯ ಮೇಲೆ ಬೀಳುತ್ತದೆ.