ಎಡಗೈ ಲಾರಿಗೆ ಬಲಗೈ ರೂಢಿ

ನನ್ನ ಟೂಲ್ ಬಾಕ್ಸ್‌ನಲ್ಲಿ ಮೂರು ಸೆಟ್ ಸ್ಪ್ಯಾನರ್ ಇವೆ. ಈಗಿನ ಗಾಡಿಗಳಿಗೆ ಮಿಲಿಮೀಟರ್ ಲೆಕ್ಕದ್ದು, ಅಮೆರಿಕದ ಲಾರಿಗಳಿಗೆ ಇಂಚಿನದು, ಹಳೇ ಬ್ರಿಟಿಷ್ ಲಾರಿಗಳಿಗೆ ವಿಟ್‌ವರ್ತ್. ಮೆಲ್ಬರ್ನ್‌ನಲ್ಲಿ ಹೆವಿ ಲಾರಿ ರಿಪೇರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳೇ ಲಾರಿಗೆ ಅರ್ಧ ಇಂಚಿನ ಬೋಲ್ಟ್ ಹಾಕುತ್ತಿದ್ದೆ. ಒಂದೆರಡು ಸುತ್ತು ಸಲೀಸಾಗಿ ಹೋಯಿತು. ಆಮೇಲೆ ಬಿಗಿಯಾಯಿತು. ತುಕ್ಕು ಹಿಡಿದಿರಬೇಕು ಅಂತ ಜೋರಾಗಿ ತಿರುಗಿಸಿದೆ, ಥ್ರೆಡ್ಡೇ ಕಿತ್ತು ಬಂತು. ಬೋಲ್ಟು ಅಮೆರಿಕದ್ದು, ಇಂಚಿಗೆ 13 ಸುತ್ತು. ನಟ್ಟು ಬ್ರಿಟಿಷರದು, ಇಂಚಿಗೆ 12. ಬೇರೆ ಎಷ್ಟೋ ಅಳತೆಗಳಲ್ಲಿ ಇವೆರಡರ ಸುತ್ತಿನ ಲೆಕ್ಕ ಒಂದೇ. ಅರ್ಧ ಇಂಚಿನಲ್ಲಿ ಮಾತ್ರ ಈ ಮೋಸ.

ಒಂದೇ ಲಾರಿಯಲ್ಲಿ ಎರಡು ದೇಶ ಬಂದು ಕೂತದ್ದು ಹೇಗೆ? ಆಸ್ಟ್ರೇಲಿಯಾದ ರಸ್ತೆ ದೊಡ್ಡದು, ಅಮೆರಿಕದ ಲಾರಿಯೂ ದೊಡ್ಡದು, ಅದಕ್ಕೇ ಬಂತು ಅಂತ ಜನ ಸುಮ್ನೆ ಹೇಳಿಬಿಡುತ್ತಾರೆ. ರಸ್ತೆ ಮೊದಲಿನಿಂದಲೂ ಅಷ್ಟೇ ಉದ್ದ ಇತ್ತಲ್ಲ! ಲಾರಿ ಬರದಂತೆ ತಡೆದದ್ದು ದುಡ್ಡು ಮತ್ತು ಕಾನೂನು.

ಮೊದಲು ದುಡ್ಡಿನ ವಿಷಯ. ಎರಡನೇ ಮಹಾಯುದ್ಧದ ನಂತರ ಆಸ್ಟ್ರೇಲಿಯಾದ ವ್ಯವಹಾರವೆಲ್ಲ ಪೌಂಡಿನಲ್ಲಿ. ಡಾಲರ್ ಕೊರತೆ. ಅಮೆರಿಕದಿಂದ ಏನೇ ತರಿಸಬೇಕಾದರೂ ಆಮದು ಪರವಾನಗಿ ಬೇಕಿತ್ತು. ಬ್ರಿಟಿಷ್ ಮಾಲಿಗೆ ಸುಂಕದಲ್ಲೂ ರಿಯಾಯಿತಿ. ಹಾಗಾಗಿ ಲೇಲ್ಯಾಂಡ್, ಎಇಸಿ, ಫೋಡೆನ್ ಲಾರಿಗಳೇ ಜಾಸ್ತಿ. ಗಟ್ಟಿ ಗಾಡಿಗಳು, ಅದರಲ್ಲಿ ಅನುಮಾನ ಇಲ್ಲ. ಕೆಲವು ಬ್ರಿಟಿಷ್ ಲಾರಿಗಳಲ್ಲಿ ಬರುತ್ತಿದ್ದ ಗಾರ್ಡ್ನರ್ ಇಂಜಿನ್ ಬಿಚ್ಚಿದ ಯಾವ ಮೆಕ್ಯಾನಿಕ್ಕೂ ಅದನ್ನು ಬೈಯಲಾರ. ಆದರೆ 1958ರಲ್ಲಿ ಬಂದ ಅದರ ದೊಡ್ಡ 6ಎಲ್‌ಎಕ್ಸ್‌ಗೂ ಶಕ್ತಿ 150 ಎಚ್‌ಪಿ ಮಾತ್ರ. ಇಂಗ್ಲೆಂಡಿನ ತಂಪಿಗೆ, ಗಿಡ್ಡ ಓಡಾಟಕ್ಕೆ ಅದು ಸಾಕು.

ಅಮೆರಿಕದ ದೊಡ್ಡ ಲಾರಿಯ ರುಚಿ ಹತ್ತಿಸಿದ್ದು ಯುದ್ಧದ ಉಳಿಕೆ ಸಾಮಾನು. ಆಸ್ಟ್ರೇಲಿಯಾದ ನಡುಮಧ್ಯದ ಊರು ಆಲಿಸ್ ಸ್ಪ್ರಿಂಗ್ಸ್‌ನ ಕರ್ಟ್ ಯೋಹಾನ್ಸನ್ ಸೇನೆ ಬಿಟ್ಟ ಒಂದು ಡೈಮಂಡ್ ಟಿ ಕೊಂಡರು. ಟ್ಯಾಂಕುಗಳನ್ನು ಎಳೆಯಲು ಮಾಡಿದ ಲಾರಿ ಅದು, ಹರ್ಕ್ಯುಲಿಸ್ ಡೀಸೆಲ್ ಇಂಜಿನ್. ಓಟ ಗಂಟೆಗೆ 40 ಕಿಲೋಮೀಟರೂ ಇಲ್ಲ. ಆದರೆ ಎಳೆತ ನೋಡಿ! ಹಿಂದಿನ ಟ್ರೇಲರ್‌ಗಳು ಮುಂದಿನ ಗಾಡಿಯ ಜಾಡಿನಲ್ಲೇ ತಿರುಗುವ ಹಾಗೆ ಅವರೇ ಮಾಡಿಕೊಂಡರು. ಲಾರಿಗೆ ಬರ್ತಾ ಅಂತ ಹೆಸರಿಟ್ಟು ದನ ಸಾಗಿಸಿದರು. ರೈಲು ಆಲಿಸ್ ಸ್ಪ್ರಿಂಗ್ಸ್‌ಗೇ ನಿಲ್ಲುತ್ತಿತ್ತು. ಅಲ್ಲಿಂದ ಉತ್ತರದ ಕರಾವಳಿಯ ಡಾರ್ವಿನ್ ಸುಮಾರು 1,500 ಕಿಲೋಮೀಟರ್. ಒಂದೇ ಲಾರಿ ಹಲವು ಟ್ರೇಲರ್ ಎಳೆಯುವ ರೋಡ್ ಟ್ರೇನ್ ಅನ್ನುವುದು ಅಲ್ಲಿ ಬೇರೂರಿದ್ದಕ್ಕೆ ಬೇರೆ ಕಾರಣ ಬೇಕಿಲ್ಲ.

ಇನ್ನು ಕಾನೂನು. ರಾಜ್ಯ ಸರ್ಕಾರಗಳಿಗೆ ತಮ್ಮ ರೈಲು ಉಳಿಸಿಕೊಳ್ಳುವ ಆಸೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಲಾರಿಗೆ ಟನ್ನಿಗೆ, ಮೈಲಿಗೆ 3 ಪೆನ್ಸ್ ತನಕ ತೆರಿಗೆ ಹಾಕಬಹುದಿತ್ತು. ಸಿಡ್ನಿಯಿಂದ ಗಡಿಯ ಆಲ್ಬರಿಗೆ ಸುಮಾರು 350 ಮೈಲಿ. ಬರೀ 10 ಟನ್ ಅಂತ ಲೆಕ್ಕ ಹಿಡಿದರೂ 40 ಪೌಂಡ್ ದಾಟುತ್ತದೆ. ರೈಲಿನ ಅವಸ್ಥೆಯಾದರೂ ಏನು? ಆಲ್ಬರಿಯಲ್ಲಿ ಹಳಿಯ ಅಗಲವೇ ಬದಲು. ಒಂದು ರೈಲಿನಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಿತ್ತು. ನಮ್ಮ ಮೀಟರ್ ಗೇಜ್, ಬ್ರಾಡ್ ಗೇಜ್ ಕಾಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹ್ಯೂಸ್ ಅಂಡ್ ವೇಲ್ ಅನ್ನುವ ಲಾರಿ ಕಂಪನಿ ಕೋರ್ಟಿಗೆ ಹೋಯಿತು. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ ಮುಕ್ತವಾಗಿರಬೇಕು ಅಂತ ಸಂವಿಧಾನದ 92ನೇ ವಿಧಿ ಹೇಳುತ್ತದೆ ಅನ್ನುವುದು ಅವರ ವಾದ. 1954ರಲ್ಲಿ ಆಗಿನ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಅವರ ಪರ ತೀರ್ಪು ಕೊಟ್ಟಿತು. ಅಂತರರಾಜ್ಯ ಸಾಗಣೆ ಒಮ್ಮೆಲೇ ಲಾಭದ ಕಸುಬಾಯಿತು. 1960ರಲ್ಲಿ ಆಮದು ಪರವಾನಗಿಯ ಬಿಗಿಯೂ ಬಹುತೇಕ ಹೋಯಿತು. ಆ ದಶಕದ ಆರಂಭದಲ್ಲೇ ಅಮೆರಿಕದ ಕೆನ್‌ವರ್ತ್ ಲಾರಿ ಬಂತು. 1963ರಲ್ಲಿ ಮ್ಯಾಕ್ ತನ್ನ ಆಸ್ಟ್ರೇಲಿಯಾ ಕಂಪನಿ ತೆರೆಯಿತು. ಉತ್ತರದಲ್ಲಿ ದನ ಸಾಗಿಸುತ್ತಿದ್ದ ನೋಯೆಲ್ ಬಂಟೈನ್ ಅವರ ಬಿ-61 ಮ್ಯಾಕ್‌ಗಳ ಮಾತು ಹಳೇ ಡ್ರೈವರ್‌ಗಳ ಬಾಯಲ್ಲಿ ಇನ್ನೂ ಇದೆ.

ಲಾರಿ ಬಂದಿಳಿಯಿತು, ಆದರೆ ಸ್ಟೇರಿಂಗ್ ಎಡಕ್ಕೆ. ಆಸ್ಟ್ರೇಲಿಯಾದಲ್ಲಿ ನಮ್ಮ ಹಾಗೆ ರಸ್ತೆಯ ಎಡಗಡೆ ಓಡಿಸುತ್ತಾರೆ, ಸ್ಟೇರಿಂಗ್ ಬಲಕ್ಕೆ ಬೇಕು. ಇಲ್ಲಿಂದ ನನ್ನ ಕಸುಬು ಶುರು.

ಸ್ಟೇರಿಂಗ್ ಚಕ್ರ ಕಿತ್ತು ಆಚೆ ಬದಿಗೆ ಕೂರಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಸ್ಟೇರಿಂಗ್ ಬಾಕ್ಸ್ ಇರುವುದು ಚಾಸಿಯ ಎಡ ತೊಲೆಯ ಮೇಲೆ. ಅದನ್ನು ಬಲಕ್ಕೆ ತಂದರೆ ಚಕ್ರ ತಿರುಗಿಸುವ ತೋಳೂ ಬಲಗಡೆಯದೇ ಬೇಕು. ಎಡದ್ದನ್ನು ತಿರುಗಿಸಿ ಹಾಕಲು ಬರುವುದಿಲ್ಲ. ಬಲಕ್ಕೆ ತಂದರೆ ಅಲ್ಲಿ ಜಾಗ ಎಲ್ಲಿದೆ? ಕಮ್ಮಿನ್ಸ್ ಇಂಜಿನ್‌ನ ಎಕ್ಸಾಸ್ಟ್ ಇರುವುದೇ ಆ ಬದಿಗೆ. ಕೆಂಪಗೆ ಕಾಯುವ ಜಾಗದ ಪಕ್ಕದಲ್ಲೇ ಸ್ಟೇರಿಂಗ್ ಶಾಫ್ಟ್ ಹಾಯಿಸಬೇಕು. ಸ್ಟೇರಿಂಗ್ ಬಾಕ್ಸಿನಿಂದ ಆ ತೋಳಿಗೆ ಹೋಗುವ ಸರಳು, ಅಂದರೆ ಡ್ರ್ಯಾಗ್ ಲಿಂಕ್‌ನ ಎರಡು ತುದಿಗಳ ಎತ್ತರ ಸರಿ ಹೊಂದದಿದ್ದರೆ ಇನ್ನೊಂದು ತಲೆನೋವು. ಗುಂಡಿಗೆ ಬಿದ್ದು ಆಕ್ಸಲ್ ಎದ್ದಾಗ ಡ್ರೈವರ್ ಏನೂ ಮಾಡದೆ ಲಾರಿ ತಾನೇ ಪಕ್ಕಕ್ಕೆ ಎಳೆಯುತ್ತದೆ. ಖಾಲಿ ಗಾಡಿಯಲ್ಲಿ ಇದು ಗೊತ್ತೇ ಆಗಲಿಕ್ಕಿಲ್ಲ. ಲೋಡ್ ಹಾಕಿ, ಬ್ರೇಕ್ ತುಳಿದು ನೋಡಬೇಕು. ಹೆಡ್‌ಲೈಟ್ ಮರೆತವರೂ ಇದ್ದಾರೆ. ಅಮೆರಿಕದ ದೀಪ ಡಿಮ್ ಮಾಡಿದಾಗ ಬಲಕ್ಕೆ ವಾಲುತ್ತದೆ. ಇಲ್ಲಿ ಬಲಗಡೆ ಇರುವುದು ಎದುರಿನವನ ಕಣ್ಣು.

ಹಳೇ ಲಾರಿ ತಪಾಸಣೆಗೆ ಬಂದರೆ ನಾನು ಮೊದಲು ಕ್ಯಾಬಿನ್‌ನ ಎಡಗಡೆ ಮ್ಯಾಟ್ ಎತ್ತಿ ನೋಡುತ್ತೇನೆ. ಎಷ್ಟೋ ಗಾಡಿಗಳಲ್ಲಿ ಅಲ್ಲೊಂದು ತೇಪೆ ಇರುತ್ತದೆ. ಹುಟ್ಟಿದಾಗ ಸ್ಟೇರಿಂಗ್ ಕಂಬ ಇಳಿದಿದ್ದ ತೂತು ಅದು. ತೇಪೆಯ ವೆಲ್ಡಿಂಗ್ ನೀಟಾಗಿದ್ದರೆ ಕೆಳಗಿನ ಕೆಲಸವೂ ಸಾಮಾನ್ಯವಾಗಿ ನೀಟಾಗಿರುತ್ತದೆ.

ಇಷ್ಟೆಲ್ಲ ಬಿಚ್ಚಿ ಕಟ್ಟಲು ಸಾಧ್ಯವಾದದ್ದಕ್ಕೆ ಕಾರಣ ಆ ಲಾರಿಗಳು ಹುಟ್ಟಿದ ರೀತಿ. ಕೆನ್‌ವರ್ತ್‌ನಂಥವರು ಇಂಜಿನ್ ಕಮ್ಮಿನ್ಸ್‌ನಿಂದಲೋ ಡೆಟ್ರಾಯ್ಟ್ ಡೀಸೆಲ್‌ನಿಂದಲೋ ತರುತ್ತಿದ್ದರು, ಗೇರ್‌ಬಾಕ್ಸ್ ಫುಲ್ಲರ್‌ನಿಂದ. ಗಿರಾಕಿ ಕೇಳಿದ್ದನ್ನು ಜೋಡಿಸಿ ಕೊಡುವ ಪದ್ಧತಿ. ಮ್ಯಾಕ್ ಬೇರೆ ಜಾತಿ, ಅದರ ಇಂಜಿನ್, ಗೇರ್‌ಬಾಕ್ಸ್ ಬಹುಮಟ್ಟಿಗೆ ಮನೆಯದೇ. ಬಿಡಿಭಾಗ ತಂದು ಇಲ್ಲೇ ಜೋಡಿಸಬಹುದಾದರೆ, ಎಡಗಡೆ ಕಟ್ಟಿದ್ದನ್ನು ಬಿಚ್ಚಿ ಬಲಗಡೆ ಕಟ್ಟುವ ಡಬಲ್ ಕೆಲಸ ಯಾಕೆ? 1971ರ ಮಾರ್ಚ್‌ನಲ್ಲಿ ಮೆಲ್ಬರ್ನ್ ಪಕ್ಕದ ಬೇಸ್‌ವಾಟರ್ ಕಾರ್ಖಾನೆಯಿಂದ ಮೊದಲ ಕೆನ್‌ವರ್ತ್ ಹೊರಬಂತು. ಮೂತಿ ಚಪ್ಪಟೆಯಾದ, ಇಂಜಿನ್ ಮೇಲೇ ಕ್ಯಾಬಿನ್ ಕೂತ ಲಾರಿ. ಗಾಡಿಯ ಒಟ್ಟು ಉದ್ದಕ್ಕೆ ಮಿತಿ ಇದ್ದಾಗ, ಮೂತಿ ಕಡಿಮೆ ಮಾಡಿದಷ್ಟೂ ಸರಕಿಗೆ ಜಾಗ ಜಾಸ್ತಿ.

1982ರಲ್ಲಿ ಅಮೆರಿಕ ತನ್ನ ಹೆದ್ದಾರಿಗಳಲ್ಲಿ ಆ ಉದ್ದದ ನಿಯಮ ಬದಲಿಸಿತು. ಅಲ್ಲಿನವರು ಮತ್ತೆ ಉದ್ದ ಮೂತಿಗೆ ಹೋದರು, ಚಪ್ಪಟೆ ಮೂತಿ ನಿಧಾನಕ್ಕೆ ಮಾಯವಾಯಿತು. ಇಲ್ಲಿ ನಿಯಮ ಉಳಿಯಿತು, ಲಾರಿಯೂ ಉಳಿಯಿತು. ಬೇಸ್‌ವಾಟರ್‌ನಲ್ಲಿ ಕೆ ಸರಣಿಯ ಕೆನ್‌ವರ್ತ್ ಇವತ್ತಿಗೂ ತಯಾರಾಗುತ್ತಿದೆ. ಹುಟ್ಟಿದೂರಾದ ಅಮೆರಿಕದ ಶೋರೂಮಿಗೆ ಹೋಗಿ ಕೇಳಿದರೆ ಹೊಸದು ಸಿಗುವುದಿಲ್ಲ.