ಸೋಲಾರ್ ಪ್ಲೇಟು ಮಳೆ ಓಡಿಸುತ್ತದೆಯೇ?

ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡುವ ಫ್ಯಾನು ಬಂದಾಗ ಅವು ಮೋಡ ಚದುರಿಸುತ್ತವೆ ಎಂದು ಚಿತ್ರದುರ್ಗದ ಸೀಮೆಯಲ್ಲಿ ದೂರಿದವರಿದ್ದರು. ಈಗ ಆ ದೂರು ಸೋಲಾರ್ ಪ್ಲೇಟಿನ ತಲೆಗೆ ಬಂದಿದೆ: ಅದು ಸುತ್ತಲಿನ ಗಾಳಿ ಕಾಯಿಸಿ ಮಳೆ ಓಡಿಸುತ್ತದಂತೆ. ಪೂರ್ತಿ ಸುಳ್ಳಲ್ಲ, ಆದರೆ ತಪ್ಪಿತಸ್ಥರು ಬೇರೆ.

ಮಧ್ಯಾಹ್ನದ ನಿಚ್ಚಳ ಬಿಸಿಲೆಂದರೆ ಚದರ ಮೀಟರಿಗೆ ಸುಮಾರು 1,000 ವ್ಯಾಟ್. ಅದರಲ್ಲಿ ಪ್ಲೇಟು 200ರಷ್ಟನ್ನು ಕರೆಂಟಾಗಿಸುತ್ತದೆ, ಸ್ವಲ್ಪ ಹಿಂದಕ್ಕೆ ಚಿಮ್ಮಿಸುತ್ತದೆ. 700ರ ಆಸುಪಾಸು ಶಾಖವಾಗಿ ಉಳಿಯುತ್ತದೆ. ಉತ್ತು ಬಿಟ್ಟ ಕೆಂಪು ಮಣ್ಣೂ 800ರಷ್ಟು ನುಂಗುತ್ತದೆ. ಹಾಗಾಗಿ ಪ್ಲೇಟು ಎಲ್ಲಿಂದಲೋ ಬಿಸಿಲು ಎಳೆದು ತರುವುದಿಲ್ಲ. ಮಣ್ಣು ಶಾಖವನ್ನು ಒಳಗಿಳಿಸಿಕೊಂಡು ನಿಧಾನವಾಗಿ ಬಿಡುತ್ತದೆ. ತೆಳ್ಳಗಿನ ಪ್ಲೇಟು 60 ಡಿಗ್ರಿಗೆ ಕಾದು ಎರಡೂ ಮೈಯಿಂದ ಆಗಿಂದಾಗಲೇ ಗಾಳಿಗೆ ಸುರಿಯುತ್ತದೆ. ವ್ಯತ್ಯಾಸ ಇಷ್ಟೇ.

ರಾತ್ರಿಯ ಕಥೆ ಬೇರೆ. ಅಮೆರಿಕದ ಅರಿಜೋನಾದಲ್ಲಿ ಅಳೆದು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೋಲಾರ್ ಸ್ಥಾವರದೊಳಗಿನ ಗಾಳಿ ರಾತ್ರಿ ಹೊತ್ತು ಪಕ್ಕದ ಕುರುಚಲು ನೆಲಕ್ಕಿಂತ 3–4 ಡಿಗ್ರಿ ಬೆಚ್ಚಗಿತ್ತು. ನೆಲದ ಕಾವು ಆಕಾಶಕ್ಕೆ ಹೋಗದಂತೆ ಪ್ಲೇಟು ಚಪ್ಪರವಾಗುತ್ತದೆ. ಜೊತೆಗೆ ಗಿಡ ಕಿತ್ತಿರುವುದರಿಂದ ಎಲೆಗಳ ನೀರು ಆವಿಯಾಗಿ ತರುತ್ತಿದ್ದ ತಂಪೂ ಇಲ್ಲ. ಈ ಕಾವು ಬೇಲಿಯಿಂದ ಕೆಲವು ನೂರು ಮೀಟರಿನಲ್ಲಿ ಕರಗುತ್ತದೆ. ಬೇಲಿಗೆ ತಾಗಿದ ಹೊಲದವನ ಮಾತನ್ನು ತಳ್ಳಿಹಾಕಬೇಡಿ. ಮೂರು ಮೈಲಿ ಆಚೆಯವನದು ಬೇರೆ ವಿಚಾರ.

ಮಳೆಗೆ ಬಂದರೆ, ಇಲ್ಲಿನ ಕೊರತೆಗೆ ಕಾರಣ ಪಶ್ಚಿಮ ಘಟ್ಟದ ಮಳೆ ನೆರಳು, ಅಂದರೆ ಮೋಡದ ನೀರು ಘಟ್ಟದ ಆಚೆಗೇ ಸುರಿದುಹೋಗುವುದು. ನೆರೆಯ ಪಾವಗಡದ ಸೋಲಾರ್ ಪಾರ್ಕ್ 13,000 ಎಕರೆ, ಅಂದರೆ 52 ಚದರ ಕಿಲೋಮೀಟರಿನಷ್ಟು ಮಾತ್ರ. ಸಹಾರಾದ ಸುಮಾರು 90 ಲಕ್ಷ ಚದರ ಕಿಲೋಮೀಟರನ್ನು ಪ್ಲೇಟು, ಫ್ಯಾನುಗಳಿಂದ ತುಂಬಿದರೆ ಏನಾದೀತೆಂದು 2018ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ ಅಲ್ಲಿ ಮಳೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ!

ನಿಜವಾಗಿ ಕೆಡುವುದು ನೆಲ. ಜೆಸಿಬಿ ಹಚ್ಚಿ ಕೆರೆದು, ಕಳೆನಾಶಕ ಹೊಡೆದರೆ ಆಷಾಢದ ಗಾಳಿಗೆ ದೂಳೆದ್ದು ಪ್ಲೇಟಿನ ಮೇಲೇ ಕೂರುತ್ತದೆ, ತೊಳೆಯಲು ಬೋರಿನ ನೀರು ಬೇಕು. ಪ್ಲೇಟಿನ ಕಾವು 25 ಡಿಗ್ರಿ ಮೀರಿದ ಪ್ರತಿ ಡಿಗ್ರಿಗೂ ಉತ್ಪಾದನೆ ಶೇ 0.3–0.4 ಇಳಿಯುತ್ತದೆ, ಅಂದರೆ ತಂಪಿಗೆ ಹುಲ್ಲು ಉಳಿಸಿದರೆ ಕಂಪನಿಗೂ ಲಾಭ. ಹುಲ್ಲು ಒಣಗಿದರೆ ಬೆಂಕಿಯ ಭಯವಿದೆ, ಅದಕ್ಕೆ ಕುರಿ ಬಿಡಬೇಕು. ಮೇಕೆ ಬೇಡ: ಪ್ಲೇಟು ಹತ್ತುತ್ತದೆ, ಕೇಬಲ್ ಕಡಿಯುತ್ತದೆ.

ಇನ್ನೊಂದು, ನೀರು. 30 ಮಿಲಿಮೀಟರ್ ಮಳೆಗೆ ಎರಡೂವರೆ ಚದರ ಮೀಟರಿನ ಪ್ಲೇಟಿನಿಂದ 75 ಲೀಟರ್ ಒಂದೇ ಅಂಚಿನಲ್ಲಿ ಸುರಿಯುತ್ತದೆ. ಆ ಗೆರೆಯಲ್ಲಿ ಹುಲ್ಲಿಲ್ಲದಿದ್ದರೆ ಕೊರಕಲು ಬೀಳುತ್ತದೆ. ಸಾಲಿಗೆ ಅಡ್ಡಲಾಗಿ ಬದು, ತಗ್ಗಿನಲ್ಲಿ ಇಂಗುಗುಂಡಿ ಇರಲಿ.

ಸಂಶಯವಿದ್ದರೆ ಅಳೆಯಿರಿ. ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿ, ನೆಲದಿಂದ ನಾಲ್ಕಡಿ ಎತ್ತರದಲ್ಲಿ ಥರ್ಮಾಮೀಟರ್ ಇಡಿ. ಬೇಲಿಯೊಳಗೆ ಒಂದು, 100 ಮೀಟರಿಗೆ ಒಂದು, ಒಂದು ಕಿಲೋಮೀಟರ್ ಆಚೆ ಇನ್ನೊಂದು. ನಸುಕಿನಲ್ಲೂ ಮಧ್ಯಾಹ್ನವೂ ಬರೆದಿಡಿ. ಉಪಗ್ರಹದ ಚಿತ್ರ ಇದಕ್ಕೆ ಸಾಲದು: ಅದು ತೋರಿಸುವುದು ಪ್ಲೇಟಿನ ಮೈಕಾವನ್ನು, ಗಾಳಿಯದ್ದಲ್ಲ. ಪ್ಲೇಟಿನ ಕಂಬ ನೆಡುವ ಒಂದು ವರ್ಷ ಮೊದಲೇ ಅಳೆಯಲು ಶುರುಮಾಡಬೇಕು. ಆಮೇಲೆ ಅಳೆದರೆ ಹೋಲಿಸಲು ಹಳೆಯ ಲೆಕ್ಕವೇ ಇರುವುದಿಲ್ಲ.